ಸೀರೆ ಉಡುವಷ್ಟು ಎತ್ತರದ ಟೆಂಟು

ನಮ್ಮ ಮನೆಗೆ ಟೆಂಟು ಬಂದದ್ದು ಕಾಡು ಮೇಡು ಸುತ್ತುವ ಆಸೆಯಿಂದಲ್ಲ, ಹೊಟ್ಟೆಕಿಚ್ಚಿನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೇಳಿದವರಿಗೆಲ್ಲ ನನ್ನ ಗಂಡ ಹೇಗೂ ಹೇಳಿಕೊಂಡು ತಿರುಗುತ್ತಿದ್ದಾರೆ.

ಕಿಚ್ಚು ಹತ್ತಿದ್ದು ಒಂದು ಫೋಟೋದಿಂದ. ನನ್ನ ಓರಗಿತ್ತಿ, ಅಂದರೆ ಭಾವನವರ ಹೆಂಡತಿ, ಅದನ್ನು ಮನೆಯವರ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದಳು. ಹಿಂದುಗಡೆ ಕಬಿನಿ ಹಿನ್ನೀರು, ಮುಂದೆ ಒಂದು ನೀಲಿ ಟೆಂಟು, ಟೆಂಟಿನ ಬಾಗಿಲಲ್ಲಿ ನಮ್ಮ ಅತ್ತೆ. ಕೈಯಲ್ಲಿ ಕಾಫಿ ಲೋಟ, ಮುಖದ ತುಂಬ ನಗು. ಆ ನಗುವನ್ನು ನಾನು ನಮ್ಮ ಮನೆಯಲ್ಲಿ ಒಂದು ದಿನವೂ ನೋಡಿರಲಿಲ್ಲ. ಕೆಳಗೆ ನೆಂಟರಿಷ್ಟರೆಲ್ಲ ಸಾಲಾಗಿ ಬರೆದಿದ್ದರು: ‘ಹಿರೀ ಸೊಸೆ ಅಂದ್ರೆ ಹಿಂಗಿರ್ಬೇಕು’, ‘ಅತ್ತೇನ ಅಮ್ಮನ ಥರ ನೋಡ್ಕೋತಾಳೆ’, ‘ಪುಣ್ಯವಂತೆ’. ನಾನೂ ಒಂದು ಕೈಮುಗಿಯುವ ಚಿತ್ರ ಒತ್ತಿ ಫೋನನ್ನು ಅಕ್ಕಿ ಡಬ್ಬದ ಮೇಲೆ ಕುಕ್ಕಿದೆ.

ಮಾವನವರು ಹೋದ ಮೇಲೆ ಅತ್ತೆ ಇರುವುದು ಬೋಗಾದಿಯ ನಮ್ಮ ಮನೆಯಲ್ಲಿ. ಓರಗಿತ್ತಿಯ ಮನೆ ಜಯಲಕ್ಷ್ಮಿಪುರಂನಲ್ಲಿ, ಆಟೋ ಹತ್ತಿದರೆ ಬೇಗ ಸಿಗುವಷ್ಟೇ ದೂರ. ವರ್ಷಕ್ಕೆ ಎರಡು ಸಲ ಅವಳು ಕಾರು ತಂದು ಅತ್ತೆಯನ್ನು ಎಲ್ಲಿಗಾದರೂ ಕರೆದುಕೊಂಡು ಹೋಗುತ್ತಾಳೆ. ಉಳಿದ ದಿನಗಳ ಅತ್ತೆ ನನ್ನ ಪಾಲು. ಅವರು ಬೆಳಿಗ್ಗೆ ಸ್ನಾನ ಮಾಡಿ ಸೀರೆ ಉಟ್ಟು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮುಗಿಸುವ ತನಕ ಬಾಯಿಗೆ ನೀರು ಹಾಕುವವರಲ್ಲ. ಉಡುವುದು ಗಂಜಿ ಹಾಕಿದ ಕಾಟನ್ ಸೀರೆ. ಮಂಡಿ ನೋವು, ಬಗ್ಗಲಾರರು. ಹಾಗಾಗಿ ದಿನವೂ ಅವರ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು ನೆರಿಗೆ ಹಿಡಿಯುವುದು ನನ್ನ ಕೆಲಸ. ಕುಕ್ಕರ್ ಕೂಗಲಿ, ಮಗಳ ಸ್ಕೂಲ್ ವ್ಯಾನು ಹಾರ್ನ್ ಹೊಡೆಯಲಿ, ಒಂದೊಂದು ನೆರಿಗೆಯ ಅಂಚನ್ನೂ ಎಳೆದು ಸಮ ಮಾಡಿ ಕೊಡಬೇಕು. ಮುಗಿದ ಮೇಲೆ ಅತ್ತೆ, “ಹೂಂ, ಬುಡು” ಅನ್ನುತ್ತಾರೆ. ಅಷ್ಟೇ. ಅದಕ್ಕೆ ಯಾರೂ ಫೋಟೋ ತೆಗೆಯುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಕಟ್ಟಿದವಳು ಯಾರೋ ಕಿರಿ ಸೊಸೆಯೇ ಇರಬೇಕು.

ನನಗೆ ಬೇಕಿದ್ದದ್ದು ದೊಡ್ಡದೇನೂ ಅಲ್ಲ. ಒಂದೇ ಒಂದು ಸಲ, ಹಿರಿಯವಳ ಎದುರಿಗೆ, ಅತ್ತೆ ಅವಳನ್ನು ಬಿಟ್ಟು ನನ್ನನ್ನು ಎತ್ತಿ ಹಿಡಿಯಬೇಕು. ಅವಳ ಮುಖ ಆಗ ಹೇಗಾಗುತ್ತದೆಂದು ನಾನು ನೋಡಬೇಕು.

ಕಬಿನಿಯಿಂದ ವಾಪಸು ಬಂದ ಅತ್ತೆ ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಪ್ರವಾಸದ ವರದಿ ಕೊಟ್ಟರು. “ಟೆಂಟು ಬಾಳ ಚೆನ್ನಾಗಿದೆ ಕಣಮ್ಮ. ಒಳಗೆ ತಣ್ಣಗೆ. ಎದ್ದು ನಿಲ್ಲೋಕಾಗಲ್ಲ, ಅದೊಂದೇ. ಕೂತ್ಕೊಂಡೇ ಸೀರೆ ಸುತ್ಕೊಬೇಕು. ನೆರಿಗೆ ಗಿರಿಗೆ ಏನಿಲ್ಲ, ಮೂಟೆ ಕಟ್ಟಿದಂಗೆ.”

ಎಣ್ಣೆ ಹಚ್ಚುತ್ತಿದ್ದ ನನ್ನ ಕೈ ನಿಂತಿತು. ಸಿಕ್ಕಿತಲ್ಲ ಸಂದು! ನಿಂತು ಸೀರೆ ಉಡಲಾಗದ ಟೆಂಟಿಗೇ ಅಷ್ಟು ನಗು ಅಂದಮೇಲೆ, ನಿಂತು ಉಡುವಂಥ ಟೆಂಟು ತಂದರೆ?

ಆ ವಾರವೇ ನಾನೂ ಇವರೂ ಟೆಂಟು ಹುಡುಕಲು ಹೊರಟೆವು. ಹೋಗುವ ಮುಂಚೆ ಅತ್ತೆಯನ್ನು ಗೋಡೆಗೆ ಒರಗಿಸಿ, ಸೆರಗನ್ನು ಹೆಗಲ ಮೇಲೆ ಎಸೆಯುವ ಹಾಗೆ ಕೈ ಎತ್ತಿಸಿ, ಬೆರಳು ಮುಟ್ಟಿದ ಕಡೆ ಮಗಳ ಪೆನ್ಸಿಲಿನಿಂದ ಗುರುತು ಹಾಕಿ, ಟೇಪಿನಲ್ಲಿ ಅಳೆದುಕೊಂಡಿದ್ದೆ. ಅಂಗಡಿಯವನು ಪೇಟೆಗೆ ಬಂದ ಹೊಸ ಮಾಲನ್ನೆಲ್ಲ ಬಿಡಿಸಿ ತೋರಿಸಿದ. ನೀರು ತಡೆಯುತ್ತೆ, ಗಾಳಿ ತಡೆಯುತ್ತೆ, ಕೊಡವಿದರೆ ತಾನೇ ಬಿಚ್ಚಿಕೊಳ್ಳುತ್ತೆ. ನಾನು ಒಂದೊಂದರ ಒಳಗೂ ತೆವಳಿ ಹೋಗಿ ಎದ್ದು ನಿಲ್ಲಲು ನೋಡಿದೆ. ಪ್ರತಿ ಸಲವೂ ಟೆಂಟೇ ನನ್ನ ಜೊತೆ ಎದ್ದಿತು.

“ಮೇಡಂ, ಟೆಂಟ್ ಇರೋದು ಮಲಗಕ್ಕೆ, ನಿಂತ್ಕೊಳಕ್ಕಲ್ಲ,” ಅಂದ ಅಂಗಡಿಯವನು.

“ಮತ್ತೆ ಸೀರೆ ಎಲ್ಲುಡೋದು?”

“ಕ್ಯಾಂಪಿಂಗ್‌ಗೆ ಯಾರ್ ಮೇಡಂ ಸೀರೆ ಉಡ್ತಾರೆ?”

“ನಮ್ಮತ್ತೆ,” ಅಂದೆ. ಅವನು ನನ್ನ ಗಂಡನ ಮುಖ ನೋಡಿದ. ಇವರು ಆಕಾಶ ನೋಡಿದರು. ದಾರಿಯುದ್ದಕ್ಕೂ, “ಟೆಂಟ್ ಯಾಕೆ, ಒಂದು ಕಲ್ಯಾಣ ಮಂಟಪಾನೇ ತಗೊಂಬುಡು. ಎಲ್ಲರೂ ಒಟ್ಟಿಗೇ ಸೀರೆ ಉಡಬಹುದು,” ಎಂದು ರೇಗಿಸುತ್ತ ಬಂದರು.

ಅಂಗಡಿಗಳನ್ನೆಲ್ಲ ಸುತ್ತಿ ಕೊನೆಗೆ ನಿಂತು ಉಡುವಂಥದ್ದು ಸಿಕ್ಕಿದ್ದು ಗೋಕುಲಂನಲ್ಲಿ. ಯೋಗ ಕಲಿಯಲು ಬಂದು ಮನೆ ಮಾಡಿಕೊಂಡಿದ್ದ ಒಂದು ವಿದೇಶಿ ಸಂಸಾರ ಊರಿಗೆ ಹೊರಟಿತ್ತು. ಸಾಮಾನುಗಳನ್ನೆಲ್ಲ ಮಾರುತ್ತಿದ್ದಾರೆಂದು ಗೊತ್ತಿದ್ದವರು ಹೇಳಿದರು. ಅವರ ತಾರಸಿಯ ಮೇಲೆ, ಹಗ್ಗಗಳನ್ನು ನೀರಿನ ಟ್ಯಾಂಕಿಗೂ ಹೂವಿನ ಕುಂಡಗಳಿಗೂ ಬಿಗಿದು, ಒಂದು ಟೆಂಟು ನಿಲ್ಲಿಸಿದ್ದರು. ಅರಿಸಿನದ ಬಣ್ಣ. ಎರಡು ಕೋಣೆ, ನಡುವೆ ಪರದೆ, ಮುಂದೆ ಬಟ್ಟೆಯದೇ ಒಂದು ಚಾವಡಿ. ನಾನು ಒಳಗೆ ಹೋಗಿ, ಚೀಲದಲ್ಲಿ ತಂದಿದ್ದ ಸೀರೆಯನ್ನು ಚೂಡಿದಾರದ ಮೇಲೆಯೇ ಉಟ್ಟು, ಸೆರಗು ಎಸೆದು ನೋಡಿದೆ. ಬೆರಳು ಎಲ್ಲೂ ತಗಲಲಿಲ್ಲ. ಆ ಮನೆಯ ಹೆಂಗಸು ಚಪ್ಪಾಳೆ ತಟ್ಟಿ ನನ್ನದೊಂದು ಫೋಟೋ ತೆಗೆದುಕೊಂಡಳು. ನನ್ನ ಫೋಟೋ ತೆಗೆಯುವ ಬುದ್ಧಿ ಬಂದದ್ದು ಅವಳೊಬ್ಬಳಿಗೇ.

ಟೆಂಟು ಕೊಂಡು ತಂದದ್ದಾಯಿತು. ಪ್ರವಾಸ ಹೊರಡುವ ಮೊದಲು ಒಂದು ಸಲ ನಿಲ್ಲಿಸಿ ನೋಡಬೇಕೆಂದು ನಮ್ಮ ಪಕ್ಕದ ಖಾಲಿ ಸೈಟಿನ ಕಳೆ ಕೀಳಿಸಿದೆವು. ಬೋಗಾದಿಯಲ್ಲಿ ಈಗ ಖಾಲಿ ಸೈಟು ಸಿಗುವುದೇ ಪುಣ್ಯ. ಎದುರು ಕಟ್ಟಡದ ಗಾರೆ ಕೆಲಸದವರು ಕೆಲಸ ನಿಲ್ಲಿಸಿ ಬಂದು ಗೂಟ ಹೊಡೆದುಕೊಟ್ಟರು. ಟೆಂಟು ಎದ್ದು ನಿಂತಾಗ ಬೀದಿಯವರೆಲ್ಲ ಗೇಟಿಗೆ ಬಂದಿದ್ದರು. ಅತ್ತೆ ಕೋಲೂರಿಕೊಂಡು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ನಾನೂ ಅವರ ಹಿಂದೆಯೇ ಸುತ್ತಿದೆ.

“ಬಾಗ್ಲು ದಕ್ಷಿಣಕ್ಕಿಟ್ಟಿದ್ದೀರಲ್ಲ,” ಅಂದರು.

ಗೂಟಗಳನ್ನೆಲ್ಲ ಕಿತ್ತು, ಗಾರೆಯವರ ಕೈ ಕಾಲು ಹಿಡಿದು, ಪೂರ್ವಕ್ಕೆ ತಿರುಗಿಸಿದ್ದಾಯಿತು. ಅತ್ತೆ ಒಳಗೆ ಹೋದರು. ನಿಂತರು. ಕೈ ಎತ್ತಿ ಸೂರನ್ನು ಮುಟ್ಟಲು ನೋಡಿ, ಸಿಗದೆ, ತಲೆಯಾಡಿಸಿದರು. ಈಗ ಬರುತ್ತದೆ ಮಾತು, ಈಗ ಬರುತ್ತದೆ ಎಂದು ನಾನು ಕಾಯುತ್ತಿದ್ದೆ.

“ಹಾಲು ಉಕ್ಕಿಸ್ದೆ ಇದ್ರಲ್ಲಿ ಮಲಗಬಾರ್ದು,” ಅಂದರು.

“ಅಮ್ಮ, ಇದು ಟೆಂಟು,” ಅಂದರು ನನ್ನ ಗಂಡ. “ಪೂಜೆಗೆ ಅಯ್ನೋರನ್ನೂ ಕರೆಸೋಣ್ವಾ?”

ಅತ್ತೆ ಅದನ್ನೂ ಯೋಚಿಸಿದರು. “ಅಯ್ನೋರು ಬ್ಯಾಡ. ಹಾಲು ಸಾಕು. ಹಿರೀ ಸೊಸೆಗೆ ಫೋನ್ ಮಾಡು. ಅವಳ ಕೈಲೇ ಉಕ್ಕಿಸ್ಬೇಕು.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ. ಹುಡುಕಿದವಳು ನಾನು, ಅಳೆದವಳು ನಾನು, ಅಂಗಡಿ ಅಂಗಡಿಯ ನೆಲದಲ್ಲಿ ತೆವಳಿದವಳು ನಾನು. ಹಾಲು ಉಕ್ಕಿಸುವವಳು ಅವಳು! ತಡೆದುಕೊಳ್ಳಲಾಗದೆ ಕೇಳಿಯೇಬಿಟ್ಟೆ: “ಅಕ್ಕನ ಟೆಂಟಿಗೂ ಹಾಲು ಉಕ್ಕಿಸಿದ್ರಾ ಅತ್ತೆ?”

“ಅದಕ್ಯಾಕಮ್ಮ? ಅದು ಟೆಂಟು. ಇದು ಮನೆ ಇದ್ದಂಗಿದೆ.”

ಇದು ಹೊಗಳಿಕೆ ಎಂದು ಇವರು ಆಮೇಲೆ ನನಗೆ ಎಷ್ಟೋ ಸಲ ಬಿಡಿಸಿ ಹೇಳಿದ್ದಾರೆ. ಆವತ್ತು ನನ್ನ ಕಿವಿಗೆ ಬಿದ್ದದ್ದು ‘ಹಿರೀ ಸೊಸೆ’ ಅನ್ನುವುದಷ್ಟೇ.

ಭಾನುವಾರ ಅವಳು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಬಾಳೆಹಣ್ಣು ಹಿಡಿದು ಬಂದಳು. ಸೈಟಿನ ಕಲ್ಲುಮಣ್ಣಿನಲ್ಲಿ ಸೀರೆಯನ್ನು ಒಂದಿಷ್ಟು ಎತ್ತಿ ಹಿಡಿದು ನಡೆದು ಬರುವಾಗ ಚೆನ್ನಾಗಿಯೇ ಕಾಣುತ್ತಿದ್ದಳು, ಅದು ಬೇರೆ ಉರಿ. ಚಾವಡಿಯ ಹೊರಗೆ, ಬಟ್ಟೆಗೆ ತಾಗದ ಹಾಗೆ ಒಲೆ ಇಟ್ಟೆ. ಹಾಲು ತಂದಿದ್ದೂ ನಾನೇ, ಪಾತ್ರೆ ಬೆಳಗಿದ್ದೂ ನಾನೇ, ಗಾಳಿಗೆ ಆರುತ್ತಿದ್ದ ಒಲೆಗೆ ರಟ್ಟು ಅಡ್ಡ ಹಿಡಿದು ಬಗ್ಗಿ ನಿಂತವಳೂ ನಾನೇ. ಅವಳು ಪಾತ್ರೆಗೆ ಹಾಲು ಸುರಿದು ಕೈಮುಗಿದು ನಿಂತಳು. ಹಾಲು ಪೂರ್ವಕ್ಕೇ ಉಕ್ಕಿತು.

“ಕೈಗುಣ ಕಣ್ರೀ,” ಅಂದರು ಪಕ್ಕದ ಮನೆಯವರು. ಅತ್ತೆ ಹೌದೆಂದು ತಲೆಯಾಡಿಸಿದರು. ನನ್ನ ಕೈಯಲ್ಲಿದ್ದ ರಟ್ಟು ಸುಟ್ಟು ಕರಕಲಾಗಿತ್ತು.

“ಎಷ್ಟು ಚೆನ್ನಾಗಿದೆ ನಿನ್ ಟೆಂಟು! ನಮ್ದು ಇದರ ಮುಂದೆ ಕೋಳಿಗೂಡು,” ಅಂದಳು ಓರಗಿತ್ತಿ. ನಿಜವಾಗಿಯೇ ಅಂದಳು, ಅವಳಲ್ಲಿ ಕಪಟವಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. “ಮುಂದಿನ ವಾರ ಎಲ್ಲರೂ ಒಟ್ಟಿಗೇ ಹೋಗೋಣ,” ಅಂತಲೂ ಅವಳೇ ಅಂದಳು. ಅತ್ತೆ ಒಪ್ಪಿದರು. ಬೇಡ ಅನ್ನಲು ನನಗೆ ನೆಪ ಸಿಗಲಿಲ್ಲ.

ಹೋದದ್ದು ಕೆಆರ್‌ಎಸ್ ಹಿನ್ನೀರಿನ ದಂಡೆಗೆ, ಪರಿಚಯದವರ ತೆಂಗಿನ ತೋಟಕ್ಕೆ. ಪಂಪ್‌ಸೆಟ್ ಮನೆಯ ಪಕ್ಕ ಒಂದು ಬಚ್ಚಲು ಇತ್ತು, ಅತ್ತೆಗೆ ಅನುಕೂಲ. ನಮ್ಮ ಅರಿಸಿನದ ಟೆಂಟನ್ನು ಪೂರ್ವಕ್ಕೆ ಬಾಗಿಲಿಟ್ಟು ನಿಲ್ಲಿಸಿದೆವು. ಅದರ ಹಿಂದೆ, ಪಶ್ಚಿಮಕ್ಕೆ, ಅವರ ನೀಲಿ ಟೆಂಟು. ಎರಡನ್ನೂ ಒಟ್ಟಿಗೆ ನೋಡಿದಾಗ ಮನಸ್ಸು ತಂಪಾಯಿತು. ದೊಡ್ಡ ಮನೆಯ ಹಿತ್ತಲಲ್ಲಿ ದನದ ಕೊಟ್ಟಿಗೆ ಇದ್ದ ಹಾಗಿತ್ತು.

ಆ ತಂಪು ಸಂಜೆಯವರೆಗೂ ನಿಲ್ಲಲಿಲ್ಲ. ಬುತ್ತಿ ಬಿಚ್ಚಿ ರೊಟ್ಟಿ ಎಣ್ಣೆಗಾಯಿ ಬಡಿಸುತ್ತಿದ್ದೆ. ಅತ್ತೆ ಹಾಸಿಗೆಯ ವ್ಯವಸ್ಥೆ ಹೇಳಿದರು. “ಪಾಪ, ದೊಡ್ಡೋಳಿಗೆ ಬೆನ್ನುನೋವು. ಆ ಟೆಂಟಲ್ಲಿ ಬಗ್ಗಿ ಬಗ್ಗಿ ಸಾಕಾಗೋಗಿದೆ. ಅವಳೂ ಮಕ್ಕಳೂ ನನ್ ಜೊತೆ ಇಲ್ಲೇ ಮಲಗ್ಲಿ. ಈ ಕಡೆ ಕೋಣೇಲಿ ದೊಡ್ಡೋನು. ನೀವಿಬ್ರೂ ಅಲ್ಲಿ ಮಲಗ್ಬುಡಿ. ಚಿಕ್ಕೋರು, ನಿಮಗೇನು.”

ನನ್ನ ಮಗಳು ದೊಡ್ಡಮ್ಮನ ಕೈ ಹಿಡಿದುಕೊಂಡು ಕುಣಿಯುತ್ತ ಒಳಗೆ ಹೋದಳು. ಹೆತ್ತ ಮಗಳು!

ಹೀಗೆ ನಾನು ಇಷ್ಟು ದಿನ ಉರಿದುಕೊಂಡಿದ್ದ ಆ ನೀಲಿ ಟೆಂಟಿನೊಳಗೆ ತೆವಳಿಕೊಂಡು ಹೋದೆ. ಕೂತರೆ ಕೂದಲು ಸೂರನ್ನು ಸವರುತ್ತಿತ್ತು. ಎದುರಿಗೆ ನನ್ನ ಟೆಂಟಿನಲ್ಲಿ ದೀಪ ಹಚ್ಚಿದ್ದರು. ಅದರ ಬಟ್ಟೆಯೆಲ್ಲ ಬೆಳಗಿ ಚಿನ್ನದಂತೆ ಕಾಣುತ್ತಿತ್ತು. ಒಳಗಿನಿಂದ ಅತ್ತೆಯ ನಗು ಕೇಳಿಸಿತು, ಫೋಟೋದಲ್ಲಿದ್ದ ಅದೇ ನಗು. ನನ್ನದೇ ಟೆಂಟನ್ನು ನೋಡಿ ನನಗೇ ಹೊಟ್ಟೆ ಉರಿಯಿತು.

“ಜಗತ್ತಲ್ಲಿ ತನ್ನ ಸಾಮಾನಿಗೆ ತಾನೇ ಹೊಟ್ಟೆಕಿಚ್ಚು ಪಟ್ಟೋಳು ನೀನೊಬ್ಬಳೇ ಕಣೆ,” ಅಂದರು ಇವರು. ನಾನು ಆ ಕಡೆ ತಿರುಗಿ ಮಲಗಿದೆ.

ಬೆಳಿಗ್ಗೆ ಬೇಗನೆ ಎದ್ದು, ಅತ್ತೆಯ ಸ್ನಾನಕ್ಕೆ ನೀರು ಕಾಯಿಸಿಕೊಟ್ಟೆ. ಅವರು ಬಚ್ಚಲಿನಿಂದ ಸೀರೆಯನ್ನು ಮೈಗೆ ಹಾಗೇ ಸುತ್ತಿಕೊಂಡು ಬಂದು ಟೆಂಟಿನೊಳಗೆ ಹೋದರು. ಹಿಂದೆಯೇ ಹೋಗಲು ಹೊರಟವಳನ್ನು ಓರಗಿತ್ತಿ ತಡೆದಳು. “ನೀನು ಕಾಫಿ ನೋಡ್ಕೊ. ಅತ್ತೇನ ನಾನು ನೋಡ್ಕೋತೀನಿ,” ಎಂದು ಒಳಗೆ ಹೋಗಿ ಬಾಗಿಲ ಜಿಪ್ ಎಳೆದುಕೊಂಡಳು.

ನಾನು ಎರಡು ಟೆಂಟುಗಳ ನಡುವೆ ಒಲೆಯ ಮುಂದೆ ಕೂತೆ. ಆಚೆ ಕಡೆ ಸೂರ್ಯ ಮೇಲೆ ಬಂದಿದ್ದ. ಟೆಂಟಿನ ಬಟ್ಟೆಯ ಮೇಲೆ ಒಳಗಿನವರ ನೆರಳು ಬಿದ್ದಿತ್ತು. ಅತ್ತೆ ನೆಟ್ಟಗೆ ನಿಂತಿದ್ದರು. ಕೈ ಎತ್ತಿ ಸೆರಗು ಎಸೆದರು. ಗೋಡೆಯ ಮೇಲೆ ನಾನು ಗುರುತು ಹಾಕಿದ ಅದೇ ಎತ್ತರ. ಅವರ ಕಾಲ ಬಳಿ ಅವಳು ಕೂತು ನೆರಿಗೆಗೆ ಕೈ ಹಾಕಿದಳು.

ಟೆಂಟು ಹೋಗಲಿ, ಹಾಲು ಹೋಗಲಿ, ಮಗಳು ಒಂದು ರಾತ್ರಿಗೆ ಹೋಗಲಿ. ಆ ಜಾಗ ನನ್ನದು. ದಿನಾ ಗೊಣಗಿಕೊಂಡೇ ಕೂತರೂ ನನ್ನದು. ಅಲ್ಲಿ ಇನ್ನೊಬ್ಬಳ ನೆರಳು ಕಂಡಾಗ ಹೊಟ್ಟೆಯೊಳಗೆ ಆದದ್ದನ್ನು ಉರಿ ಅನ್ನಲೂ ಆಗದು. ಅಳು ಬಂತು.

ನೆರಳು ಬಗ್ಗಿತು, ಎದ್ದಿತು, ಮತ್ತೆ ಬಗ್ಗಿತು. ಅತ್ತೆ ಕಾಲು ಬದಲಾಯಿಸಿದರು. ಅವಳು ನೆರಿಗೆ ಬಿಚ್ಚಿ ಮತ್ತೆ ಹಿಡಿದಳು.

“ಅಂಗಲ್ಲ ಕಣಮ್ಮ. ಅಂಚು ಎಳೀಬೇಕು.”

“ಎಳ್ದೆ ಅತ್ತೆ.”

“ಎಲ್ ಎಳ್ದೆ? ಬುಡು, ಬುಡು. ಇದು ನಿನ್ ಕೈಲಾಗೋದಲ್ಲ. ಚಿಕ್ಕೋಳನ್ನ ಕರಿ. ಅವಳು ಹಿಡಿದ್ರೇನೆ ನನ್ ಸೀರೆ ನಿಲ್ಲೋದು.”

ಹಿರಿಯವಳ ನೆರಳು ಹಾಗೇ ಕೂತಿತ್ತು. ಅವಳ ಮುಖ ಕಾಣಲಿಲ್ಲ. ನೋಡಬೇಕು ಅಂತಲೂ ಅನ್ನಿಸಲಿಲ್ಲ. ಆಮೇಲೆ ಆಚೆ ಕಡೆಯ ಬಾಗಿಲಲ್ಲಿ ಜಿಪ್ ಅರ್ಧ ಎಳೆದ ಸದ್ದಾಯಿತು, ಅವಳು ನನ್ನನ್ನು ಮೆಲ್ಲಗೆ ಕರೆದಳು. ನನಗೆ ಕೇಳಿಸಿತು. ಕಾಫಿಯ ಡಿಕಾಕ್ಷನ್ ಸರಿಯಾಗಿ ಇಳಿದಿತ್ತು, ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಆದರೂ ಮುಚ್ಚಳ ತೆಗೆದು ನೋಡುತ್ತ ಕೂತೆ. ಅತ್ತೆಯೇ ಇನ್ನೊಂದು ಸಲ ಕರೆಯಲಿ, ಗಟ್ಟಿಯಾಗಿ, ತೋಟದವರಿಗೆಲ್ಲ ಕೇಳಿಸುವ ಹಾಗೆ.