ಗೌರಿಯ ಜೋಜೋ ಹರಕೆಯಾದದ್ದು

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನನ್ನ ಮೊಮ್ಮಗಳು ಅನ್ನ ಬಿಟ್ಟಳು. ಜ್ವರ ಇದ್ದಾಗ ಬಿಟ್ಟಿದ್ದರೆ ಒಂದು ಮಾತು. ಜ್ವರ ಹೋದ ಮೇಲೆ ಬಿಟ್ಟಳು, ಅದೂ ನನ್ನಿಂದ. ಹೇಳಿಕೊಳ್ಳಲು ನಾಚಿಕೆ. ಆದರೂ ಆಂಜನೇಯ ಸ್ವಾಮಿಯನ್ನು ನಂಬಿದ ನಿಮ್ಮ ಹತ್ತಿರ ಮುಚ್ಚುಮರೆ ಯಾಕೆಂದು ಬರೆಯುತ್ತಿದ್ದೇನೆ.

ನಾನು ಚಳ್ಳಕೆರೆಯವಳು. ಇಪ್ಪತ್ತು ವರ್ಷ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದೆ. ಮಕ್ಕಳ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಿಲ್ಲ ಎಂಬ ಕೊಬ್ಬು ಬೇರೆ. ಮಗಳು ಸುಜಾತಳನ್ನು ಮೊಳಕಾಲ್ಮೂರಿನ ನೇಕಾರರ ಮನೆಗೆ ಕೊಟ್ಟಿದ್ದೇವೆ. ಅವಳ ಮಗಳು ಗೌರಿಗೆ ಮೂರು ವರ್ಷ. ಕಳೆದ ಶ್ರಾವಣದಲ್ಲಿ ಗೌರಿಗೆ ಜ್ವರ ಏರಿ ಆಸ್ಪತ್ರೆಗೆ ಸೇರಿಸಿದ್ದಾರೆಂದು ಅಳಿಯ ಫೋನ್ ಮಾಡಿದ. ಸಿಕ್ಕ ಬಸ್ಸು ಹತ್ತಿ ನಿಂತುಕೊಂಡೇ ಹೋದೆ.

ಮಗು ಕಣ್ಣು ಬಿಡುತ್ತಿರಲಿಲ್ಲ. ಪುಟ್ಟ ಕೈಗೆ ಡ್ರಿಪ್ ಹಾಕಿದ್ದರು. "ಅವ್ವ, ಮನೀಗೆ ಹೋಗಿ ಒಂದೆರಡು ಬಟ್ಟೆ ತಗಂಡ್ ಬಾ" ಎಂದಳು ಸುಜಾತ. ಹೋದೆ. ಮಗ್ಗದ ಪಕ್ಕ ಹಸಿರು ರೇಷ್ಮೆಯ ಮೊಳದುದ್ದದ ತುಂಡು ಬಿದ್ದಿತ್ತು, ಕೆಂಪು ಅಂಚಿನದು. ಸೀರೆ ಕತ್ತರಿಸಿದಾಗ ಉಳಿದದ್ದು ಅಂದುಕೊಂಡೆ. ದಾರಿಯಲ್ಲೇ ಸ್ವಾಮಿಯ ಗುಡಿ. ಹರಕೆಯ ಕಾಯಿ ಸುತ್ತಲು ಬಟ್ಟೆ ಬೇಕು, ರೇಷ್ಮೆಯಾದರೆ ಮಡಿ, ನೀರಿಗೆ ಹಾಕುವ ಗೋಜೂ ಇಲ್ಲ. ಆ ತುಂಡಿನಲ್ಲೇ ಕಾಯಿ ಸುತ್ತಿ ಗುಡಿಯ ತೊಲೆಗೆ ಬಿಗಿಯಾಗಿ ಕಟ್ಟಿದೆ. "ಗೌರಿ ಮೊದಲಿನಂಗೆ ನಕ್ಕು ಉಂಡ ಮೇಲೇ ಈ ಕಾಯಿ ಬಿಚ್ತೀನಿ ತಂದೆ" ಎಂದು ಬೇಡಿಕೊಂಡೆ.

ಮೂರನೇ ದಿನಕ್ಕೆ ಜ್ವರ ಇಳಿಯಿತು. ಸ್ವಾಮಿ ಕಣ್ಣು ಬಿಟ್ಟ ಎಂದು ಹಿಗ್ಗಿದೆ. ಮನೆಗೆ ಬಂದವಳೇ ಗೌರಿ ಮಗ್ಗದ ಹತ್ತಿರ ಓಡಿದಳು. "ಜೋಜೋ ಎಲ್ಲಿ?"

"ಏನೇ ಅದು ಜೋಜೋ?" ಎಂದು ಮಗಳನ್ನು ಕೇಳಿದೆ. ಯುಗಾದಿಗೆ ನಾನು ಬಂದಾಗ ಈ ಅಭ್ಯಾಸ ಇರಲಿಲ್ಲ.

"ಹಸಿರು ತುಂಡವ್ವ, ಕೆಂಪಂಚಿಂದು. ಅದನ್ನ ತುಟಿಗೆ ಇಟ್ಕಂಡು ಅಂಚು ಉಜ್ತಾ ಇದ್ರೇನೇ ಅವಳಿಗೆ ನಿದ್ದೆ. ಇಲ್ಲೇ ಇತ್ತಲ್ಲ!"

ನಾನು ಗುಡಿಯ ತೊಲೆಗೆ ಕಟ್ಟಿದ್ದು ಅದನ್ನೇ. ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. "ಎರಡು ದಿನ ಅತ್ತು ಮರೀತಾಳೆ ಬಿಡು. ಎಷ್ಟು ಮಕ್ಕಳನ್ನ ನೋಡಿಲ್ಲ ನಾನು" ಎಂದುಬಿಟ್ಟೆ. ಅಳಿಯ ಅದೇ ಬಣ್ಣದ ಇನ್ನೊಂದು ತುಂಡು ತಂದುಕೊಟ್ಟ. ಗೌರಿ ಹೆಬ್ಬೆರಳಲ್ಲಿ ಅಂಚು ಉಜ್ಜಿ ನೋಡಿ "ಇದಲ್ಲ" ಎಂದು ಎಸೆದಳು. ಪೇಟೆಯಿಂದ ನಾನು ತಂದ ಗೊಂಬೆಗೂ ಅದೇ ಗತಿ. ನಿದ್ದೆಯಿಲ್ಲ, ಊಟವಿಲ್ಲ, ಬಾಗಿಲ ಸಂದಿಯಲ್ಲೆಲ್ಲ ಹುಡುಕಾಟ. ಎರಡನೇ ದಿನ ಡಾಕ್ಟರ್ ಗದರಿದರು: ನಾಳೆಯೂ ಹೀಗೇ ಆದರೆ ಮತ್ತೆ ಸೇರಿಸಬೇಕಾಗುತ್ತದೆ.

ಆ ಸಂಜೆ ಮಗಳ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ.

"ಎರಡು ದಿನ ಮಗು ಹುಡುಕೋದ್ ನೋಡ್ಕಂಡು ಸುಮ್ನೆ ಕುಂತಿದ್ಯಲ್ಲವ್ವ! ಈಗ್ಲೇ ಹೋಗಿ ಬಿಚ್ಕಂಡ್ ಬಾ."

"ಹೆಂಗೆ ಬಿಚ್ಲೇ? ನಕ್ಕು ಉಂಡ ಮೇಲೇ ಬಿಚ್ತೀನಿ ಅಂತ ಸ್ವಾಮಿಗೆ ಮಾತು ಕೊಟ್ಟೀನಿ. ಮಾತು ತಪ್ಪಿ ಜ್ವರ ತಿರುಗಿ ಬಂದ್ರೆ?"

"ಅದು ಸಿಗದೆ ಅವಳು ಉಣ್ಣಲ್ಲ!"

ಇಬ್ಬರೂ ಕೂತು ಅತ್ತೆವು. ಇಪ್ಪತ್ತು ವರ್ಷದ ನನ್ನ ಜಂಬವೆಲ್ಲ ಇಳಿದುಹೋಯಿತು. "ಕಟ್ಟಿದವಳು ನಾನು, ನನಗೆ ದಾರಿ ತಿಳೀತಿಲ್ಲ. ನೀನೇ ತೋರಿಸು" ಎಂದು ಸ್ವಾಮಿಗೆ ಕೈ ಮುಗಿದೆ.

ಬೆಳಗಾದರೆ ಶನಿವಾರ. ಗೌರಿಯನ್ನು ಹೆಗಲಿಗೆ ಹಾಕಿಕೊಂಡು ಗುಡಿಗೆ ಹೋದೆ. ತಲೆ ಎತ್ತುವ ಶಕ್ತಿಯೂ ಅವಳಿಗೆ ಇರಲಿಲ್ಲ. ಮಂಗಳಾರತಿಯ ಗಂಟೆಗೆ ಕಣ್ಣು ಬಿಟ್ಟವಳು, ತೊಲೆಯ ತುಂಬ ತೂಗುತ್ತಿದ್ದ ಗಂಟುಗಳಲ್ಲಿ ತನ್ನದನ್ನು ಹುಡುಕಿಯೇಬಿಟ್ಟಳು.

"ಜೋಜೋ!"

ಇನ್ನು ರಂಪ ಮಾಡುತ್ತಾಳೆ ಎಂದು ಅವಳನ್ನು ಬಿಗಿಯಾಗಿ ಹಿಡಿದುಕೊಂಡೆ. ಅವಳು ಸ್ವಾಮಿಯ ಕಡೆ ತಿರುಗಿ, "ಅಜ್ಜಿ, ಸ್ವಾಮಿಗೂ ಜ್ವರಾನಾ?" ಎಂದಳು.

ಗುಡಿಯ ಮುದುಕ ಪೂಜಾರಿ, "ಹೂಂ ತಾಯಿ, ಬಂದಿತ್ತು. ಈಗ ಹೋಯ್ತು" ಎಂದರು.

ಗೌರಿ ಸ್ವಾಮಿಯ ಉಬ್ಬಿದ ಕೆನ್ನೆಗಳನ್ನೇ ದಿಟ್ಟಿಸಿದಳು. "ಮಾತ್ರೆ ನುಂಗಿಲ್ಲ! ಬಾಯಾಗೇ ಇಟ್ಕಂಡೈತೆ!" ಎಂದು ಕಿಲಕಿಲ ನಕ್ಕಳು. ಆಸ್ಪತ್ರೆಯಲ್ಲಿ ಅವಳೂ ಅದನ್ನೇ ಮಾಡಿದ್ದಳು, ಕಳ್ಳಿ. ಪೂಜಾರಿ ನಗುತ್ತಲೇ ಪ್ರಸಾದದ ಬಾಳೆಹಣ್ಣು ಸುಲಿದು ಕೊಟ್ಟರು. ಒಂದು ಕಚ್ಚು ಕಚ್ಚಿದಳು. ಆಮೇಲೆ ಇನ್ನೊಂದು. ನೋಡನೋಡುತ್ತ ಹಣ್ಣು ಪೂರ್ತಿ ಮುಗಿಯಿತು.

ನನ್ನ ಹರಕೆ ಕೇಳಿದ್ದ ಪೂಜಾರಿ, "ನಕ್ಕಳು, ಉಂಡಳು. ಇನ್ನೇನಮ್ಮ ನೋಡ್ತೀಯಾ? ಬಿಚ್ಚು" ಎಂದರು. ಬಿಗಿಯಾಗಿ ಕಟ್ಟಿದ್ದ ಗಂಟು ನನ್ನಿಂದ ಬಿಚ್ಚಲಾಗದೆ ಅವರೇ ಬಿಚ್ಚಿದರು. ಕಾಯಿ ಒಡೆದು, ತುಂಡನ್ನು ಸ್ವಾಮಿಯ ಪಾದಕ್ಕೆ ಮುಟ್ಟಿಸಿ ಗೌರಿಯ ಕೈಗಿಟ್ಟರು. ಅವಳು ಅದನ್ನು ತುಟಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಮತ್ತೆ ತಟ್ಟನೆ ಕಣ್ಣು ಬಿಟ್ಟು, "ಸ್ವಾಮಿಗೆ ಜೋಜೋ?" ಎಂದು ಕೇಳಿದಳು.

ಆ ಮಾತು ನನ್ನನ್ನು ಚುಚ್ಚಿತು. ನಾನು ಸ್ವಾಮಿಗೆ ಕೊಟ್ಟದ್ದು ನನ್ನದಾಗಿರಲಿಲ್ಲ. ಮಗುವಿನ ನಿದ್ದೆ ಕಿತ್ತು ಕೊಟ್ಟಿದ್ದೆ. ಆದರೂ ತಂದೆ ನನ್ನ ಮಾತನ್ನೂ ಉಳಿಸಿದ, ಮಗುವನ್ನೂ ಉಳಿಸಿದ. ಅವನ ಋಣ ಹೇಗೆ ತೀರಿಸಲಿ? ಬದುಕಿರುವ ತನಕ ಅವನ ಪಾದ ಬಿಡುವವಳಲ್ಲ.

ಮುಂದಿನ ಶನಿವಾರ ಚಳ್ಳಕೆರೆಯಿಂದ ನನ್ನ ಧಾರೆ ಸೀರೆ ತಂದೆ. ಸುಜಾತಳಿಗೂ ಉಡಲು ಕೊಡದೆ ಟ್ರಂಕಿನಲ್ಲಿ ಕಾಪಾಡಿಕೊಂಡದ್ದು. ಅದರ ಸೆರಗಿನಿಂದ ಒಂದು ಮೊಳ ಕತ್ತರಿಸಿ ಗುಡಿಗೆ ಒಯ್ದೆ. ಒಪ್ಪಿಸುವ ಮೊದಲು ಗೌರಿ ಕೈ ಚಾಚಿ ಇಸಿದುಕೊಂಡು, ಹೆಬ್ಬೆರಳಲ್ಲಿ ಅಂಚು ಉಜ್ಜಿ ಪರೀಕ್ಷೆ ಮಾಡಿದಳು.

"ಮೆತ್ತಗೈತೆ ಅಜ್ಜಿ" ಎಂದಳು. "ಸ್ವಾಮಿಗೆ ನಿದ್ದೆ ಬರ್ತೈತೆ."