ಸಬ್ಬಸಿಗೆ ಬೇಯದ ಮನೆ

ಮೊನ್ನೆ ಹರಿಹರದ ಬಸ್ ನಿಲ್ದಾಣದ ಹೊರಗೆ ಸೊಪ್ಪು ಮಾರುವವಳೊಬ್ಬಳು ಸಬ್ಬಸಿಗೆ ಕಟ್ಟುಗಳ ಮೇಲೆ ನೀರು ಚಿಮುಕಿಸುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಯಾರೋ ಬೈಯುತ್ತಾರೆಂಬಂತೆ ಹಿಂದೆ ತಿರುಗಿ ನೋಡಿದೆ. ಅರವತ್ತರ ಹತ್ತಿರದ ಹೆಂಗಸು ನಾನು. ನನ್ನನ್ನು ಬೈಯುವವರು ಈಗ ಯಾರೂ ಉಳಿದಿಲ್ಲ. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿದ್ದ ನಮ್ಮ ಮನೆಯೂ ಇಲ್ಲ, ಆ ಜಾಗದಲ್ಲಿ ಮೊಬೈಲ್ ಅಂಗಡಿಗಳು ಬಂದಿವೆ. ಮನೆ ಹೋದರೂ ಅದರ ಭಯ ಮೈಯಲ್ಲೇ ಉಳಿದವರು ನಿಮ್ಮಲ್ಲೂ ಇರಬಹುದು.

ಆ ಮನೆಯಲ್ಲಿ ಸಬ್ಬಸಿಗೆ ಹೊಸ್ತಿಲು ದಾಟುವಂತಿರಲಿಲ್ಲ. ಹತ್ತಿ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದ ಅಜ್ಜನ ಕಟ್ಟಪ್ಪಣೆ ಅದು. ನಾನು ಹುಟ್ಟುವ ಮುಂಚೆ, ಬಾಣಂತನಕ್ಕೆ ಬಂದಿದ್ದ ಹಿರಿಮಗಳಿಗೆ, ಅಂದರೆ ನನ್ನ ದೊಡ್ಡತ್ತೆಗೆ, ಹಾಲು ಹೆಚ್ಚಲೆಂದು ಅಜ್ಜ ಹದಡಿಯ ಹೊಲದಿಂದ ತೋಳು ತುಂಬ ಸಬ್ಬಸಿಗೆ ತಂದಿದ್ದನಂತೆ. ಅಂಗಳಕ್ಕೆ ಕಾಲಿಡುವಷ್ಟರಲ್ಲಿ ಒಳಗೆ ಅಳು ಎದ್ದಿತ್ತು, ಮಗಳು ತೀರಿಕೊಂಡಿದ್ದಳು. ಅಂದಿನಿಂದ ಆ ಸೊಪ್ಪೂ ದೊಡ್ಡತ್ತೆಯ ಹೆಸರೂ ಒಟ್ಟಿಗೇ ಮನೆ ಬಿಟ್ಟುಹೋದವು. ಇದನ್ನೆಲ್ಲ ಅಮ್ಮ ನನಗೆ ಪಿಸುಮಾತಿನಲ್ಲಿ ಹೇಳಿದ್ದು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಗುತ್ತೂರಿಗೆ ಕೊಟ್ಟಿದ್ದ ಸಣ್ಣತ್ತೆ ಹೆರಿಗೆಗೆ ಬಂದಳು. ಕೂಸು ಹುಟ್ಟಿತು, ಹಾಲು ಮಾತ್ರ ಬರಲಿಲ್ಲ. ಬೆಳ್ಳುಳ್ಳಿ, ಮೆಂತ್ಯ, ಕೊಬ್ಬರಿ ಎಲ್ಲವೂ ಆದವು. ಕೂಸು ಕೊನೆಕೊನೆಗೆ ಅಳಲೂ ತ್ರಾಣವಿಲ್ಲದೆ ಬರೀ ಬಾಯಿ ತೆರೆಯುತ್ತಿತ್ತು. ಬಾಣಂತಿಗೆ ಎರೆಯಲು ಬರುತ್ತಿದ್ದ ಮುದುಕಿ, "ಸಬ್ಬಸ್ಗಿ ಉಣ್ಸ್ರಿ, ಇಲ್ಲಾಂದ್ರೆ ಕೂಸು ಉಳಿಯಂಗಿಲ್ಲ" ಎಂದಳು. ಅಜ್ಜಿಯ ಮುಖ ಬಿಳಿಚಿತು. ಮಾವನ ಎದುರು ಎಂದೂ ಬಾಯಿ ಬಿಡದ ನನ್ನ ಅಮ್ಮ ಮರುದಿನ, ಅಜ್ಜ ಗಿರಣಿಗೆ ಹೋದ ಮೇಲೆ, ಕೊತ್ತಂಬರಿಯೊಳಗೆ ಸುತ್ತಿ ಒಂದು ಕಟ್ಟು ತಂದೇಬಿಟ್ಟಳು. ತೊಗರಿಬೇಳೆ, ಮೆಣಸು ಹಾಕಿ ಬೇಯಿಸಿ, ಸಣ್ಣತ್ತೆಗೆ ಉಣಿಸಿ, ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿ, ಮನೆಯೆಲ್ಲ ಸಾಂಬ್ರಾಣಿ ಹೊಗೆ ಹಾಕಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಮ್ಮ ಈ ಕಳ್ಳಾಟ ಕೆಲವು ದಿನ ನಡೆಯಿತು. ಸಂಜೆ ಪಾಳಿ ಮುಗಿದ ಗಿರಣಿಯ ಕೂಗು ಕೇಳಿದೊಡನೆ ನಾನು ಓಡಿಹೋಗಿ ಕಿಟಕಿ ತೆರೆಯುತ್ತಿದ್ದೆ. ಅಜ್ಜ ಒಳಗೆ ಬಂದು ಮೂಗರಳಿಸಿದರೆ ಸಾಕು, ಅಜ್ಜಿ ಸುಮ್ಮಸುಮ್ಮನೆ ಕೆಮ್ಮುತ್ತಿದ್ದಳು. ಅಜ್ಜನ ಮೇಲೆ ನನಗೆ ಕೆಟ್ಟ ಸಿಟ್ಟಿತ್ತು. ಸತ್ತವಳ ನೆಪದಲ್ಲಿ ಇರುವ ಕೂಸನ್ನು ಕೊಲ್ಲುತ್ತಾನಲ್ಲ ಎಂದು.

ಒಂದು ಮಧ್ಯಾಹ್ನ ಗಿರಣಿಯಲ್ಲಿ ಕರೆಂಟು ಹೋಗಿ, ಕೂಗು ಆಗುವ ಮೊದಲೇ ಅಜ್ಜ ಬಂದುಬಿಟ್ಟ. ಒಲೆಯ ಮೇಲೆ ಪಲ್ಯ ಬೇಯುತ್ತಿತ್ತು. ಅಜ್ಜ ಪಡಸಾಲೆಯಲ್ಲೇ ನಿಂತ. ನಾನು ಕಂಬ ಹಿಡಿದುಕೊಂಡೆ.

"ಯಾರು ತಂದಿದ್ದು ಇದನ್ನ?"

ಅಜ್ಜಿ ನೆಲ ನೋಡಿದಳು. ಅಮ್ಮ ಸೆರಗು ಹೊದ್ದು ಅಡುಗೆಮನೆಯ ಬಾಗಿಲಿಗೆ ಬಂದಳು.

"ನಾನ್ರಿ ಮಾವಾರೆ. ಬೈಯೋದಾದ್ರೆ ನನ್ನ ಬೈರಿ. ಈಗೀಗ ಹಾಲು ಬರಾಕ ಹತ್ತೈತೆ, ನಿಲ್ಲಿಸಬ್ಯಾಡ್ರಿ."

ಅಜ್ಜ ನೇರ ಒಲೆಯ ಹತ್ತಿರ ಹೋದ. ಪಾತ್ರೆಯನ್ನು ಎತ್ತಿ ಬೀದಿಗೆ ಎಸೆಯುತ್ತಾನೆಂದು ನಾನು ಕಣ್ಣು ಮುಚ್ಚಿದೆ. ಎಸೆದ ಸದ್ದು ಬರಲಿಲ್ಲ. ಕಣ್ಣು ಬಿಟ್ಟಾಗ ಅಜ್ಜ ಒಂದು ಕೈಯಲ್ಲಿ ಅನ್ನ ಪಲ್ಯದ ತಟ್ಟೆ, ಇನ್ನೊಂದರಲ್ಲಿ ಬಿಸಿನೀರಿನ ತಂಬಿಗೆ ಹಿಡಿದು, ಗಂಡಸರು ಹಾಯದ ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಆರೋದ್ರಾಗೆ ಉಣ್ಣು, ಗಿರಿಜಾ" ಎಂದ.

ಅದು ದೊಡ್ಡತ್ತೆಯ ಹೆಸರು. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಳು. ಸಣ್ಣತ್ತೆ ತಿದ್ದಲಿಲ್ಲ. "ಹ್ಞೂ ಅಪ್ಪಾಜಿ, ಉಣ್ತೀನಿ" ಎಂದು ತಟ್ಟೆ ಈಸಿಕೊಂಡಳು. ಕೊನೆಯ ಅಗುಳಿನವರೆಗೂ ಅಜ್ಜ ಅಲ್ಲೇ ನಿಂತಿದ್ದ.

ಆ ಕೂಸಿನ ತಲೆಯೂ ಈಗ ನರೆತಿದೆ. ಉಳಿದವರೆಲ್ಲ ಒಬ್ಬೊಬ್ಬರಾಗಿ ಹೋದರು. ಆ ಹೆಸರು ಹಿಡಿದು ಕರೆದವನೂ ಇಲ್ಲ, ಅದಕ್ಕೆ ಓಗೊಟ್ಟವಳೂ ಇಲ್ಲ. ಕೇಳಿಸಿಕೊಂಡವಳು ನಾನೊಬ್ಬಳು ಉಳಿದಿದ್ದೇನೆ.