ಗೆದ್ದವರು ಊಟ ಹಾಕಬೇಕು

ಕಳೆದ ಶನಿವಾರ ರೋಣದ ಮೈದಾನದಲ್ಲಿ ಗಜೇಂದ್ರಗಡದ ಪ್ರಾಂಶುಪಾಲರೊಬ್ಬರು ತಮ್ಮ ಹುಡುಗಿಯರಿಗೆ ಹಿತವಚನ ಹೇಳುತ್ತಿದ್ದರು. ನಾನು ಕಿವಿಯಾರೆ ಕೇಳಿದೆ.

“ಲಗೂ ಸೋತು ಬರ್ರೆವಾ. ಬಸ್ಸಿಗೆ ಹೊತ್ತಾತು.”

ಗಾಬರಿ ಬೇಡ. ನಮ್ಮಲ್ಲಿ ಇದಕ್ಕೆ ಕೋಚಿಂಗ್ ಎನ್ನುತ್ತಾರೆ.

ನಮ್ಮ ಸುತ್ತಲಿನ ಸಣ್ಣ ಕಾಲೇಜುಗಳು ಕಟ್ಟಿಕೊಂಡ ಕ್ರೀಡಾ ಒಕ್ಕೂಟವೊಂದಿದೆ. ಅದರ ಇತಿಹಾಸ ಬರೆಯುವ ಹೊಣೆ ನಿವೃತ್ತ ಇತಿಹಾಸ ಮಾಸ್ತರನಾದ ನನ್ನದು. (ಸೀಟಿ ಊದುವ ಹೊಣೆಯೂ ನನ್ನದೇ. ಇನ್ನಾರಿಗೂ ಬಿಡುವಿಲ್ಲವಂತೆ.) ಸಾಮ್ರಾಜ್ಯಗಳು ಸೋತು ಅಳಿದವೆಂದು ಜೀವಮಾನವಿಡೀ ಪಾಠ ಹೇಳಿದವನು ನಾನು. ಈ ಒಕ್ಕೂಟದ ಸದಸ್ಯರು ಮಾತ್ರ ಗೆದ್ದು ಅಳಿದರು.

ಕಾರಣ, ಸ್ಥಾಪಕರು ಬರೆದಿಟ್ಟ ಒಂದೇ ಒಂದು ನಿಯಮ: ಶೀಲ್ಡ್ ಗೆದ್ದವರು ಮುಂದಿನ ವರ್ಷ ಕ್ರೀಡಾಕೂಟ ನಡೆಸಿ, ಬಂದವರಿಗೆಲ್ಲ ಊಟ ಹಾಕಬೇಕು.

ನರೇಗಲ್ಲಿನವರು ಗೆದ್ದರು, ಊಟ ಹಾಕಿದರು, ರಾಜೀನಾಮೆ ಕೊಟ್ಟರು. ಹೊಳೆಆಲೂರಿನವರು ಗೆದ್ದ ಮರುದಿನವೇ ‘ಹೊಳೆ ಬರುವ ಸಂಭವವಿದೆ’ ಎಂದು ಪತ್ರ ಬರೆದು ಹೊರಬಿದ್ದರು. (ಆಗ ಕಡು ಬೇಸಿಗೆ.) ಉಳಿದದ್ದು ರೋಣ, ನರಗುಂದ, ಗಜೇಂದ್ರಗಡ. ಸೋಲುವ ವಿದ್ಯೆಯಲ್ಲಿ ಪಳಗಿದವರು.

ಆದರೂ ಶೀಲ್ಡ್ ಯಾರ ತಲೆಗಾದರೂ ಕಟ್ಟಲೇಬೇಕಲ್ಲ? ಹೋದ ವರ್ಷ ಎಡವಿ ಗೆದ್ದ ರೋಣದವರು ಈ ಸಲ ಊಟ ಹಾಕಿದ್ದರು. ಮತ್ತೆ ಗೆಲ್ಲುವ ಉಮೇದು ಅವರಿಗೆ ಕಿಂಚಿತ್ತೂ ಇರಲಿಲ್ಲ. ನರಗುಂದದವರು ಬೆಳಿಗ್ಗೆಯೇ ಶಿಸ್ತಿನಿಂದ ಸೋತು ಪಂಕ್ತಿಯಲ್ಲಿ ಕೂತಿದ್ದರು.

ಉಳಿದದ್ದು ಶೀಲ್ಡ್ ಯಾರಿಗೆಂದು ತೀರ್ಮಾನಿಸುವ ಫೈನಲ್. ಹುಡುಗಿಯರ ಹಗ್ಗ ಜಗ್ಗಾಟ. ರೋಣ, ಗಜೇಂದ್ರಗಡ.

ಸೀಟಿ ಊದಿದೆ. ಗಜೇಂದ್ರಗಡದವರು ಒಮ್ಮೆ ಜಗ್ಗಿದರು. ರೋಣದವರು ಬೀಗರ ಮನೆಗೆ ಬಂದವರಂತೆ ನಗುನಗುತ್ತ ಗೆರೆ ದಾಟಿ ಬಂದೇಬಿಟ್ಟರು.

ಗಜೇಂದ್ರಗಡದ ಕ್ಯಾಪ್ಟನ್ ರೇಶ್ಮಾ ಹಗ್ಗ ಬಿಸಾಕಿದಳು.

“ಸರ್, ಇವ್ರು ಜಗ್ಗಾಕ ಹತ್ತಿಲ್ರಿ. ತಾವ ನಡಕೋತ ಬಂದಾರ.”

“ಗೆದ್ದೀರಲ್ಲವಾ, ಸಾಕಲ್ಲ?” ಎಂದೆ.

“ಇದನ್ನ ಗೆದ್ದದ್ದು ಅಂತಾರೇನ್ರಿ? ನಂದು ಕಡೇ ವರ್ಷ. ಒಮ್ಮೆರೆ ಖರೇ ಗೆದ್ದು ಹೋಗಬೇಕ್ರಿ.” ಅಂಗೈ ಚಾಚಿದಳು. ಎರಡು ತಿಂಗಳು ಹಗ್ಗ ಜಗ್ಗಿ ಜಡ್ಡುಗಟ್ಟಿದ ಅಂಗೈ.

ಪ್ರಾಂಶುಪಾಲರು ಅರ್ಥಗರ್ಭಿತವಾಗಿ ಕೆಮ್ಮಿದರು. ರೇಶ್ಮಾ ರೋಣದವರ ಕಡೆ ತಿರುಗಿದಳು.

“ಕೇಳ್ರೆ ಇಲ್ಲೆ. ಗೆದ್ರೂ ಸೋತ್ರೂ ಮುಂದಿನ ವರ್ಷದ ಊಟ ನಮ್ದು. ನಾ ಪಾಸಾಗಿ ಹೋದ್ರೂ ರೊಟ್ಟಿ ಬಡದು ಕಳಸ್ತೀನಿ. ಈಗರೆ ಜಗ್ಗತೀರೊ ಇಲ್ಲೊ?”

ರೋಣದ ಕ್ಯಾಪ್ಟನ್ ಯೋಚಿಸಿದಳು. “ಎಣ್ಣಿಗಾಯಿ ಬದ್ನಿಕಾಯಿ?”

“ಅದೂ ಬರ್ತದ.”

ರೋಣದವಳು ಓಡ್ನಿ ಸೊಂಟಕ್ಕೆ ಬಿಗಿದುಕೊಂಡಳು. ಒಕ್ಕೂಟದ ಇತಿಹಾಸದಲ್ಲಿ ಮೊದಲ ಬಾರಿಗೆ ಎರಡೂ ಕಡೆಯವರು ಜಗ್ಗಿದರು.

ಏನು ಹೇಳಲಿ? ನರಗುಂದದವರು ಎಂಜಲು ಕೈಯಲ್ಲೇ ಎದ್ದು ಬಂದರು. ನಡುವೆ ಕಟ್ಟಿದ ಕರವಸ್ತ್ರ ಅತ್ತ ಒಂದು ಗೇಣು, ಇತ್ತ ಒಂದು ಗೇಣು. ಸೀಟಿ ಬಾಯಲ್ಲಿದ್ದದ್ದೇ ನನಗೆ ಮರೆತುಹೋಯಿತು. ಕೊನೆಗೆ ರೇಶ್ಮಾ ಹಿಮ್ಮಡಿ ನೆಲಕ್ಕೆ ಹೂತು ಹಿಂದಕ್ಕೆ ವಾಲಿದಳು. ರೋಣದವರು ಈ ಸಲ ನಡೆದು ಬರಲಿಲ್ಲ, ಸಾಲಾಗಿ ಬೋರಲು ಬಿದ್ದು ಬಂದರು.

ಬಿದ್ದವರೇ ಮೊದಲು ಚಪ್ಪಾಳೆ ಹೊಡೆದರು. ರೇಶ್ಮಾ ಶೀಲ್ಡನ್ನು ಎದೆಗವಚಿಕೊಂಡು ಅತ್ತಳು. ಪ್ರಾಂಶುಪಾಲರು ಅಳಲಿಲ್ಲ, ಧೂಳಿನಲ್ಲೇ ಕುಸಿದು ಕೂತರು.

“ಮಾಸ್ತರ, ಅಷ್ಟು ಬದ್ನಿಕಾಯಿ ಎಲ್ಲಿಂದ ತರೂದ್ರಿ?”

ಇತಿಹಾಸಕಾರ ತಟಸ್ಥನಾಗಿರಬೇಕು. ನಾನು ಸೀಟಿ ಒರೆಸಿಕೊಂಡೆ.

ಸೋಮವಾರ ನರೇಗಲ್ಲು ಮತ್ತು ಹೊಳೆಆಲೂರಿನಿಂದ ಮರುಸದಸ್ಯತ್ವದ ಅರ್ಜಿಗಳು ಬಂದಿವೆ. ಎರಡರಲ್ಲೂ ‘ಭಾಗವಹಿಸುವ ಆಟಗಳು’ ಎಂಬ ಕಾಲಂ ಖಾಲಿ; ‘ಊಟಕ್ಕೆ ಬರುವವರು’ ಎಂಬ ಪಟ್ಟಿ ಮಾತ್ರ ಹಾಳೆಯ ಹಿಂಬದಿಗೂ ಹರಿದಿದೆ.